ತೊರಂಬೆಗೆ ಒಂದು ತುತ್ತು

ಕಾರಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರಿದ್ದನ್ನು ವಿಭಾ ಕಣ್ಣಾರೆ ನೋಡಿದಳು. ಇಂಡಿಯಾನಾ ಮುಗಿದು ಮಿಶಿಗನ್ ಶುರುವಾಗಿತ್ತು. ಗಡಿ ದಾಟಿದರೆ ಕಾಲಮಾನ ಬದಲಾಗುತ್ತದೆ, ಪ್ರತಿಸಲವೂ ಇಲ್ಲಿ ಹೀಗೇ ಎಂದು ಗೊತ್ತಿದ್ದರೂ ಯಾರೋ ಕೈಯಲ್ಲಿದ್ದುದನ್ನು ಕಿತ್ತುಕೊಂಡ ಹಾಗೆ ಎದೆ ಝಲ್ಲೆಂದಿತು. ಗಡಿಯಾರ ಹಾರಿದ ಮಾತ್ರಕ್ಕೆ ಆಬರ್ನ್ ಹಿಲ್ಸ್ ಹತ್ತಿರವಾಗುವುದಿಲ್ಲ, ಮೈಲುಗಳು ಇದ್ದಷ್ಟೇ ಇರುತ್ತವೆ. ಆದರೆ ಊಟದ ಹೊತ್ತು ಹತ್ತಿರವಾಗಿತ್ತು. ಅಲ್ಲಿ ನಾದಿನಿ ಚೈತ್ರಳ ಮನೆಯ ಆ ಊಟಕ್ಕೆ ಇಂದುಮತಿ ಚಿಕ್ಕಮ್ಮ ಬರುತ್ತಾರೆ. ವಿಭಾಳ ತಾಯಿಯ ತಂಗಿ, ತವರಿನ ಹಿರಿಯರಲ್ಲಿ ಈಗ ಉಳಿದಿರುವ ಒಬ್ಬರೇ ಒಬ್ಬರು. ಅತ್ತೆ ಅನುಸೂಯಮ್ಮ ಅವರ ಪಕ್ಕದಲ್ಲಿ ಕೂರುತ್ತಾರೆ. ಕೂತ ಮೇಲೆ ಕೇಳಿಯೇ ಕೇಳುತ್ತಾರೆ.

"ದಟ್ಸ್ ದ ಟೋಲ್," ಎಂದಳು ತನಿಷಾ ಹಿಂದಿನ ಸೀಟಿನಿಂದ. "ತೊರಂಬೆ ಟುಕ್ ಆ್ಯನ್ ಅವರ್. ದಿಸ್ ಈಸ್ ಹರ್ ಸೈಡ್ ಆಫ್ ದ ಲೇಕ್."

"ಏನಂತೆ?" ಅನುಸೂಯಮ್ಮ ಮೊಮ್ಮಗಳ ಕಡೆ ಬಾಗಿದರು.

"ತೊರಂಬೆ ಒಂದ್ ಗಂಟೆ ತಗೊಂಡ್ಳು, ಅಜ್ಜಿ."

"ತಗೊಳ್ಳಿ ಬಿಡು. ಪಾಪ, ಈ ಚಳೀಲಿ ಕೂತಿರ್ತಾಳೆ. ಕಿಶೋರ, ಹಂಗಾದ್ರೆ ರಾಹುಕಾಲಕ್ಕೆ ಯಾವ ಟೈಮು ಹಿಡೀಬೇಕೋ? ಆ ಕಡೆ ಇದ್ದಾಗ ಶುರುವೇ ಆಗಿರ್ಲಿಲ್ಲ. ಈ ಕಡೆ ಬಂದ್ರೆ ಆಗ್ಲೇ ಅರ್ಧ ಮುಗಿದಿದೆ."

"ರಾಹುಗೂ ವೀಸಾ ಬೇಕಮ್ಮ," ಎಂದ ಕಿಶೋರ್, ರಸ್ತೆಯಿಂದ ಕಣ್ಣು ಕೀಳದೆ. "ಅವನ ಸ್ಟಾಂಪಿಂಗ್ ಇನ್ನೂ ಆಗಿಲ್ಲ. ನೀನು ಆರಾಮಾಗಿ ಕೂತ್ಕೋ."

ಹಿಂದಿನ ಸೀಟಿನಲ್ಲಿ ಅಜ್ಜಿ ನಕ್ಕರು. ಅಜ್ಜಿ ನಕ್ಕಿದ್ದಕ್ಕೆ ತನಿಷಾ ನಕ್ಕಳು. ವಿಭಾ ಮುಂದೆ ಕೂತು, ಈ ನಗು ಇನ್ನೆಷ್ಟು ಮೈಲು ಬಾಳುತ್ತದೆ ಎಂದು ಯೋಚಿಸಿದಳು. ಕಿಟಕಿಯಾಚೆ ಬೋಳು ಮರಗಳು, ಅವುಗಳ ಮೇಲೆ ಎಲ್ಲಿಯೂ ಬಿರುಕಿಲ್ಲದ ಬೂದು ಆಕಾಶ. ಹೊಸ ವರ್ಷ ಬಂದ ಮೇಲೆ ಸೂರ್ಯನನ್ನು ಸರಿಯಾಗಿ ನೋಡಿದ ನೆನಪೇ ಇರಲಿಲ್ಲ.

ತೊರಂಬೆ ಎಂಬ ಹೆಸರು ಎಲ್ಲಿಂದ ಬಾಯಿಗೆ ಬಂತೋ ಅವಳಿಗೆ ಇವತ್ತಿಗೂ ತಿಳಿಯದು. ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಹಳೇ ಅಪಾರ್ಟ್‌ಮೆಂಟಿನಲ್ಲಿ, ಮೊದಲ ಚಳಿಗಾಲ. ಕೆಲಸ ಮಾಡುವ ಪರವಾನಗಿ ಅವಳಿಗೆ ಇನ್ನೂ ಬಂದಿರಲಿಲ್ಲ. ಕಿಶೋರ್ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದ. ಮಧ್ಯೆ ಇದ್ದ ಒಂದಿಷ್ಟು ಬೆಳಕನ್ನು ಅವಳೂ ಮಗುವೂ ಹಂಚಿಕೊಂಡು ಬದುಕಬೇಕಿತ್ತು. ಮಗು ಊಟ ಮಾಡುತ್ತಿರಲಿಲ್ಲ. ಮೊಸರನ್ನದ ಬಟ್ಟಲು ಹಿಡಿದು ಅವಳು ಸೋಫಾದ ಸುತ್ತ ತಿರುಗುತ್ತಿದ್ದಾಗ, ಕಿಟಕಿಗೆ ಮೂಗು ಒತ್ತಿ ನಿಂತಿದ್ದ ತನಿಷಾ ಸೂರ್ಯ ಮಾಮ ಎಲ್ಲಿ ಎಂದಳು. ಆಗ ಮಗುವಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ತೊರಂಬೆ ಹತ್ತಿರ ಇದ್ದಾನೆ ಎಂದುಬಿಟ್ಟಳು ವಿಭಾ. ಮಾತನ್ನು ಅಳೆದು ಸುರಿದು ಆಡುವ ಅವಳು ಹಾಗೆ ಹಿಂದುಮುಂದು ನೋಡದೆ ಆಡಿದ ಮಾತು ಬಹುಶಃ ಅದೊಂದೇ. ಯಾರು ತೊರಂಬೆ? ಒಂದು ತುತ್ತು ತಿನ್ನು, ಹೇಳುತ್ತೇನೆ. ಹಾಗೆ ತುತ್ತಿಗಿಷ್ಟು ತುತ್ತಿಗಿಷ್ಟು ತೊರಂಬೆ ಬೆಳೆದಳು. ಅವಳು ಸೂರ್ಯನನ್ನು ಕಾಯುವವಳು. ದೊಡ್ಡ ಸರೋವರದ ಆಚೆ ದಡದಲ್ಲಿ ಅವಳ ಒಲೆ. ಸಂಜೆ ಪಡುವಣದಲ್ಲಿ ಇಳಿದ ಸೂರ್ಯ ನೆಲದಡಿಯಿಂದ ತೆವಳಿಕೊಂಡು ಸುಸ್ತಾಗಿ ಅವಳ ಬಳಿ ಬರುತ್ತಾನೆ. ಅವಳು ಕೆಂಡವನ್ನು ಎಳೆದುಕೊಂಡ ಹಾಗೆ ಅವನನ್ನು ಒಲೆಯೊಳಕ್ಕೆ ಎಳೆದುಕೊಂಡು, ಬೆಳಗಿನ ತನಕ ಆರದಿರಲಿ ಎಂದು ಮೇಲೆ ಬೂದಿ ಮುಚ್ಚುತ್ತಾಳೆ. ಬೇಸಿಗೆಯಲ್ಲಿ ಸೌದೆ ಬೇಕಾದಷ್ಟು. ಚಳಿಗಾಲದಲ್ಲಿ ಕಡಿಮೆ, ಅದಕ್ಕೆ ಹಗಲಲ್ಲೂ ಬೂದಿ ಸರಿಸುವುದಿಲ್ಲ. ನಮಗೆ ಕಾಣುವ ಆಕಾಶ ಆ ಬೂದಿಯೇ. ಅವಳ ಕಣ್ಣಿಗೆ ರೆಪ್ಪೆಯಿಲ್ಲ, ಮುಚ್ಚಿದರೆ ಕೆಂಡ ಆರಿಬಿಟ್ಟೀತೆಂಬ ಭಯ. ಬಲಗಡೆಯ ಮೈಯೆಲ್ಲ ಬೆಂದು ಕಪ್ಪಾಗಿದೆ, ಆದ್ದರಿಂದ ಜನರಿಗೆ ಎಡಗಡೆ ಮಾತ್ರ ತೋರಿಸುತ್ತಾಳೆ. ಅಷ್ಟು ಉರಿಯಲ್ಲಿ ಕೂತವಳ ಹೊಟ್ಟೆ ತಣ್ಣಗಾಗಲಿ ಎಂದು ಅವಳಿಗೊಂದು ತುತ್ತು ಮೊಸರನ್ನ. ನಿನಗೊಂದು, ಅವಳಿಗೊಂದು. ಅವಳ ತುತ್ತನ್ನು ವಿಭಾಳೇ ತಿನ್ನುತ್ತಿದ್ದಳು. ಎಷ್ಟೋ ದಿನ ಅದೇ ಅವಳ ಮಧ್ಯಾಹ್ನದ ಊಟ.

ಮಗು ಬೆಳೆದ ಹಾಗೆ ಇಂಥವೆಲ್ಲ ತಾವಾಗಿ ಉದುರಿಹೋಗುತ್ತವೆ ಎಂದುಕೊಂಡಿದ್ದಳು. ಕನ್ನಡವೇ ಉದುರಿಹೋಯಿತು, ತೊರಂಬೆ ಉಳಿದಳು. ಒಂಬತ್ತು ತುಂಬಿದ ಮೇಲೂ ತನಿಷಾ ಅವಳ ಬಗ್ಗೆ ಶಾಲೆಯ ಬಸ್ ಡ್ರೈವರ್ ಬಗ್ಗೆ ಹೇಳುವಷ್ಟೇ ಸಹಜವಾಗಿ ಹೇಳುತ್ತಿದ್ದಳು. ನಂಬಿ ಹೇಳುತ್ತಾಳೋ ಆಟಕ್ಕೆ ಹೇಳುತ್ತಾಳೋ ಎಂದು ವಿಭಾ ಕೇಳಲಿಲ್ಲ. ಕೇಳಿದರೆ ಯಾವ ಉತ್ತರ ಬಂದರೂ ತನಗೆ ಸಂಕಟವೇ ಎಂದು ಅವಳಿಗೆ ತಿಳಿದಿತ್ತು.

ಅತ್ತೆ ಮೈಸೂರಿನಿಂದ ಬಂದದ್ದು ನವೆಂಬರಿನಲ್ಲಿ, ಇದೇ ಅವರ ಮೊದಲ ಚಳಿಗಾಲ. ಬೆಳಿಗ್ಗೆ ಸ್ನಾನ ಮಾಡಿ ಚೊಂಬಿನಲ್ಲಿ ನೀರು ಹಿಡಿದು ಸೂರ್ಯನಿಗೆ ಅರ್ಘ್ಯ ಬಿಟ್ಟ ಮೇಲೇ ಅವರಿಗೆ ಕಾಫಿ. ಮೊದಮೊದಲು ಹಿತ್ತಲ ಬಾಗಿಲಾಚೆಯ ಮರದ ಡೆಕ್ಕಿನ ಮೇಲೆ ನಿಂತರು. ಒಂದು ದಿನ, ಹಿಂದಿನ ದಿನ ತಾವೇ ಬಿಟ್ಟ ನೀರು ಹಲಗೆಯ ಮೇಲೆ ಗಾಜಿನಂತೆ ಹೆಪ್ಪುಗಟ್ಟಿದ್ದು ಕಾಣದೆ ಜಾರಿದರು. ಬೀಳಲಿಲ್ಲ, ರೇಲಿಂಗ್ ಹಿಡಿದುಕೊಂಡರು. ಕಿಶೋರ್ ಡೆಕ್ಕಿನ ಬಾಗಿಲಿಗೆ ಅಡ್ಡಕ್ಕೆ ಕೋಲು ಇಟ್ಟುಬಿಟ್ಟ. ಆಮೇಲೆ ಅವರು ಗಾಜಿನ ಬಾಗಿಲ ಒಳಗೇ ನಿಂತು, ತುಳಸಿಯಿಲ್ಲದ ಮನೆಯಾದ್ದರಿಂದ ಮನಿಪ್ಲಾಂಟಿನ ಕುಂಡಕ್ಕೆ ನೀರು ಬಿಡತೊಡಗಿದರು. ಎದುರಿಗೆ ಪಕ್ಕದ ಮನೆಯ ಗ್ಯಾರೇಜಿನ ಗೋಡೆ. "ಇಲ್ಲಿ ಯಾರಿಗೆ ಅಂತ ಕೊಡೋದು?" ಎಂದರು ಒಮ್ಮೆ, ಯಾರನ್ನೂ ಉದ್ದೇಶಿಸದೆ. ಅವರು ಬೈದಿದ್ದರೆ, ಗೊಣಗಿದ್ದರೆ ವಿಭಾಳಿಗೆ ಹಗುರವಾಗುತ್ತಿತ್ತು. ಅವರು ಮಾತೇ ಕಡಿಮೆ ಮಾಡಿದರು. ಸೋಫಾದ ಒಂದು ಮೂಲೆಯಲ್ಲಿ, ಯಾರದೋ ಮನೆಗೆ ಬಂದು ಆಟೋ ಕಾಯುತ್ತಿರುವವರ ಹಾಗೆ ಕೂರುತ್ತಿದ್ದರು. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದ್ದು ಅವರಿಗೆ ತಲುಪುತ್ತಿರಲಿಲ್ಲ, ಇವರು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಲೆಯಾಡಿಸಿ ಮಹಡಿಗೆ ಓಡುತ್ತಿದ್ದಳು. ವಾಪಸ್ ಹೋಗುವ ಟಿಕೆಟ್ ಬೇಗಕ್ಕೆ ಹಾಕಿಸಲು ಆಗುತ್ತದಾ ನೋಡು ಎಂದು ಮಗನಿಗೆ ಹೇಳಿದ್ದು ವಿಭಾಳಿಗೆ ಅಡುಗೆಮನೆಯಿಂದ ಕೇಳಿಸಿತ್ತು. ಅದು ತನ್ನ ಸಾರಿನ ಮೇಲಿನ ತೀರ್ಪು, ತನ್ನ ಮನೆಯ ಮೇಲಿನ ತೀರ್ಪು, ಮಗಳಿಗೆ ಕನ್ನಡ ಉಳಿಸದೆ ಹೋದದ್ದರ ಮೇಲಿನ ತೀರ್ಪು ಎಂದು ಅವಳು ಪಾತ್ರೆ ತೊಳೆಯುತ್ತ ಒಂದೊಂದಾಗಿ ಎಣಿಸಿಕೊಂಡಿದ್ದಳು.

ಒಂದು ಬೆಳಿಗ್ಗೆ, ಚೊಂಬು ಹಿಡಿದು ಗಾಜಿಗೆ ಮುಖ ಮಾಡಿ ನಿಂತಿದ್ದ ಅಜ್ಜಿಯ ಪಕ್ಕದಲ್ಲಿ ತನಿಷಾ ಪೈಜಾಮದಲ್ಲಿ ಹೋಗಿ ನಿಂತಳು. "ಹೀ ಈಸ್ ಓಕೆ, ಅಜ್ಜಿ," ಎಂದಳು. ಆಮೇಲೆ, ತನ್ನಲ್ಲಿ ಉಳಿದಿದ್ದ ಕನ್ನಡವನ್ನೆಲ್ಲ ಕೆರೆದು ತೆಗೆದವಳಂತೆ, "ತೊರಂಬೆ ಹತ್ರ ಇದ್ದಾನೆ. ಬೂದಿ ಒಳಗೆ." ಅನುಸೂಯಮ್ಮ ಚೊಂಬು ಕೆಳಗಿಟ್ಟರು. ಬೂದಿ ಎಂಬ ಮಾತು ಈ ಹುಡುಗಿಯ ಬಾಯಲ್ಲಿ! ಅವತ್ತು ಮಧ್ಯಾಹ್ನ ಶಾಲೆಯಿಂದ ಬಂದವಳನ್ನು ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿದರು. ರೆಪ್ಪೆಗೆ ಏನನ್ನುತ್ತಾರೆಂದು ತಿಳಿಯದೆ ತನಿಷಾ ತನ್ನ ಕಣ್ಣಿನ ಚರ್ಮವನ್ನೇ ಎಳೆದು ತೋರಿಸಿದಳು. ಒಂದು ವಾರದಲ್ಲಿ ಅವರಿಬ್ಬರ ನಡುವೆ ಯಾವ ನಿಘಂಟಿಗೂ ಸಿಗದ ಒಂದು ಭಾಷೆ ಹುಟ್ಟಿತು. ಅನುಸೂಯಮ್ಮ ದಿನವೂ ಬಾಗಿಲ ಅಡ್ಡಕೋಲು ಸರಿಸಿ, ಒಂದು ತುತ್ತು ಮೊಸರನ್ನವನ್ನು ಡೆಕ್ಕಿನ ರೇಲಿಂಗಿನ ಮೇಲೆ ಮೊಮ್ಮಗಳ ಕೈಯಲ್ಲಿ ಇಡಿಸುತ್ತಿದ್ದರು. ಅಳಿಲು ಬಂದು ತಿನ್ನುತ್ತಿತ್ತು. ಅಳಿಲು ತೊರಂಬೆಯ ಕಡೆಯವನೇ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಟಿಕೆಟ್ಟಿನ ಮಾತು ನಿಂತಿತು.

ಆಮೇಲೆ ಅವರು ವಿಭಾಳನ್ನು ಕೇಳಿದರು. ಬೀನ್ಸ್ ಹೆಚ್ಚುತ್ತ, ತಲೆಯೆತ್ತದೆ: "ಈ ತೊರಂಬೆ, ನಿಮ್ಮ ತವರಿನ ಕಡೆ ದೇವ್ರಾ?" ಅದರಲ್ಲಿ ಅನುಮಾನವೇನೂ ಇರಲಿಲ್ಲ. ಅನುಮಾನವಿದ್ದಿದ್ದರೆ ಅವಳು ನಿಜ ಹೇಳುತ್ತಿದ್ದಳೇನೋ. ಅವರ ದನಿಯಲ್ಲಿದ್ದದ್ದು ಗೌರವ, ತನ್ನ ತವರಿನ ಬಗ್ಗೆ ಅವರು ಯಾವತ್ತೂ ತೋರದಿದ್ದ ಗೌರವ. ಹೂಂ ಅತ್ತೆ ಎಂದಳು ವಿಭಾ. ಮಾತು ಆಡಿ ಮುಗಿಯುವ ಮೊದಲೇ ಕುತ್ತಿಗೆ ಬಿಸಿಯಾಗಿತ್ತು. "ನಿಮ್ಮ ತಾಯಿ ಮಾಡ್ತಿದ್ರಾ?" ಮಾಡುತ್ತಿದ್ದರು. "ಮೊಸರನ್ನವೇನಾ?" ಮೊಸರನ್ನವೇ. ತೀರಿಹೋದ ತಾಯಿಯ ಕೈಗೆ ಇಲ್ಲದ ದೇವರೊಂದರ ನೈವೇದ್ಯ ಹಿಡಿಸಿದ್ದಳು. ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ಊಹಿಸಲು ಹೋದರೆ ಅಮ್ಮನ ಮುಖ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ, ಅಜ್ಜಿಯೂ ಮೊಮ್ಮಗಳೂ ಕೈಹಿಡಿದುಕೊಂಡು ಒಳಗೆ ಹೋದಾಗ ಕಿಶೋರ್ ಕಾಫಿಯ ಲೋಟವನ್ನು ಕಾರಿನ ಮೇಲಿಟ್ಟು ಅವಳ ಮುಖ ನೋಡಿದ.

"ಹೇಳ್ಬಿಡು, ವಿಭಾ. ನಾನೇ ಸುಮ್ನೆ ಕತೆ ಕಟ್ಟಿದ್ದು ಅಂತ. ಅಮ್ಮ ನಗ್ತಾರೆ, ಅಷ್ಟೆ."

"ನಿನ್ನ ಹತ್ರ ನಗ್ತಾರೆ."

"ನಿನ್ನ ಹತ್ರ?"

"ನನ್ನ ಹತ್ರ ಏನೂ ಅನ್ನಲ್ಲ. ಮತ್ತೆ ಸೋಫಾದ ಮೂಲೇಲಿ ಹೋಗಿ ಕೂತ್ಕೋತಾರೆ. ತನಿಷಾ ಮಹಡಿಗೆ ಓಡ್ತಾಳೆ. ನಂಗೆ ನನ್ನ ಮರ್ಯಾದೆ ಚಿಂತೆ ಅಲ್ಲ, ಕಿಶೋರ್." ಹಾಗೆಂದವಳಿಗೆ, ಮರ್ಯಾದೆಯ ಚಿಂತೆಯೂ ಇದೆ ಎಂದು ತಕ್ಷಣ ಅನ್ನಿಸಿತು. "ಅದೂ ಇದೆ," ಎಂದು ಸೇರಿಸಿದಳು.

ಅವನು ನಕ್ಕು ಅವಳ ಟೋಪಿಯನ್ನು ಕಿವಿಯ ತನಕ ಎಳೆದ. "ನಿಮ್ಮ ಚಿಕ್ಕಮ್ಮಂಗೆ ಒಂದು ಫೋನ್ ಹಾಕಿ ಹಿಂಗಿಂಗೆ ಅಂತ ಹೇಳಿದ್ರೆ ಆಗ್ತಿತ್ತು."

ಹಾಕಬಹುದಿತ್ತು. ವಾರದಿಂದ ಫೋನ್ ಕೈಗೆತ್ತಿಕೊಂಡು ಇಟ್ಟಿದ್ದಳು. ಇಂದುಮತಿ ಚಿಕ್ಕಮ್ಮನಿಗೆ ಸುಳ್ಳು ಹೇಳಿಕೊಡುವುದು ಹೇಗೆ? ಮೂರನೇ ಕ್ಲಾಸಿನಲ್ಲಿ ಗೆಳತಿಯರಿಗೆ ನಮ್ಮ ಮನೆಯಲ್ಲಿ ನವಿಲು ಸಾಕಿದ್ದೇವೆ ಎಂದಿದ್ದಳು. ಯಾಕೆ ಅಂದಳೋ, ಸುಮ್ಮನೆ, ನವಿಲು ಎಂಬ ಮಾತು ಬಾಯಿಗೆ ಬಂದಾಗ ಗೆಳತಿಯರ ಮುಖಗಳು ಅರಳಿದ್ದವು. ಅವರು ಮೂರು ಜನ ನವಿಲು ನೋಡಲು ಬಂದೇಬಿಟ್ಟರು. ಬಾಗಿಲು ತೆಗೆದದ್ದು ಚಿಕ್ಕಮ್ಮ, ಇನ್ನೂ ಮದುವೆಯಾಗದ, ಎರಡು ಜಡೆಯ, ಬಾಯಿಬಡುಕಿ ಚಿಕ್ಕಮ್ಮ. "ನವಿಲಾ? ನಮ್ಮನೇಲಿ ಒಂದು ಗುಬ್ಬಚ್ಚಿನೂ ಗೂಡು ಕಟ್ಟಲ್ಲ ಕಣ್ರೇ!" ಎಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕಿದ್ದರು. ಆ ನಗುವಿನಲ್ಲಿ ಕೆಡುಕಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಖುಷಿ ಅಷ್ಟೆ. ವಿಭಾ ಮಂಚದ ಕೆಳಗೆ ಹೋಗಿ ಮಲಗಿದ್ದಳು. ಆಮೇಲಿನಿಂದಲೇ ಇರಬೇಕು, ಅವಳು ಒಂದು ಮಾತನ್ನು ಹೊರಗೆ ಬಿಡುವ ಮುಂಚೆ ಬಾಗಿಲ ಸಂದಿಯಿಂದ ಬೀದಿಯ ಎರಡೂ ಕಡೆ ನೋಡುವವಳಾದದ್ದು.

ಚೈತ್ರಳ ಮನೆ ತಲುಪಿದಾಗ ಚಿಕ್ಕಮ್ಮ ಆಗಲೇ ಬಂದಿದ್ದರು. ಅವರ ಮಗ ಸಾಕೇತ್ ಪಕ್ಕದ ಊರಿನಲ್ಲಿದ್ದಾನೆ, ಕಾರಿನ ಕಂಪನಿಯಲ್ಲಿ ಎಂಜಿನಿಯರ್. ತಾಯಿಯನ್ನು ಡ್ರೈವ್‌ವೇಯಲ್ಲಿ ಇಳಿಸಿ, ಮಕ್ಕಳ ಬ್ಯಾಸ್ಕೆಟ್‌ಬಾಲಿಗೆ ತಡವಾಯಿತೆಂದು ಒಳಗೂ ಬರದೆ ಹೋಗಿದ್ದ. ಬಾಗಿಲ ಪಕ್ಕದ ಬೆಂಚಿನ ಮೇಲೆ ಚಿಕ್ಕಮ್ಮ ಬೂಟು ಬಿಚ್ಚಲು ಹೆಣಗುತ್ತಿದ್ದರು. ಮೊಮ್ಮಗನದೋ ಏನೋ, ತೋಳಿನ ಮೇಲೆ ಯಾವುದೋ ತಂಡದ ಹುಲಿಯಿದ್ದ ದೊಡ್ಡ ಜಾಕೆಟ್ ಹಾಕಿದ್ದರು. ಅದರೊಳಗಿಂದ ಅವರು ಇಣುಕಿದ ಹಾಗೆ ಕಾಣುತ್ತಿದ್ದರು. ವಿಭಾ ಕುಕ್ಕರುಗಾಲಲ್ಲಿ ಕೂತು ಬೂಟು ಎಳೆದಳು.

"ಬಂದ್ಯಾ ಪುಟ್ಟಿ? ಎಷ್ಟು ಸೊರಗಿದೀಯೇ! ಇದು ಬಿಚ್ಚೋದೇ ಒಂದು ಯುದ್ಧ ಕಣೇ. ಸಾಕೇತ ಹಾಕ್ಬಿಟ್ಟು ಹೋಗ್ತಾನೆ. ಬಿಚ್ಚೋರು ಯಾರು?" ದನಿ ಹಳೆಯದೇ, ಆದರೆ ಅರ್ಧಕ್ಕೆ ಇಳಿದಿತ್ತು. ಬೂಟಿನಿಂದ ಹೊರಬಂದ ಪಾದ ಒದ್ದೆಯಾಗಿ ತಣ್ಣಗಿತ್ತು. ಅದನ್ನು ಒಂದು ಕ್ಷಣ ಅಂಗೈಯಲ್ಲಿ ಹಿಡಿದಳು ವಿಭಾ. ಈಗ ಹೇಳಬಹುದು ಎನ್ನಿಸಿತು. ಚಿಕ್ಕಮ್ಮ, ಅತ್ತೆ ಒಂದು ವಿಷಯ ಕೇಳ್ತಾರೆ, ನೀವು ಹೂಂ ಅನ್ನಿ. ಅಷ್ಟರಲ್ಲಿ ಚೈತ್ರ ಬಂದು, "ಅತ್ತಿಗೆ, ಬೂಟ್ ಪೂಜೆ ಆಯ್ತಾ? ಬನ್ನಿ, ಅನ್ನ ಆರ್ತಿದೆ," ಎಂದು ಇಬ್ಬರನ್ನೂ ಎಬ್ಬಿಸಿಕೊಂಡು ಹೋದಳು.

ಊಟದ ಮೇಜಿನಲ್ಲಿ ಅನುಸೂಯಮ್ಮ ಚಿಕ್ಕಮ್ಮನ ಪಕ್ಕದಲ್ಲೇ ಕೂತರು. ಮಂಡಿನೋವು, ಮೈಸೂರಿನ ಯಾವ ಬೀದಿ, ಯಾರ ಮಗಳು ಯಾರಿಗೆ ಎಂಬುದೆಲ್ಲ ಹುಳಿಯ ಜೊತೆ ಮುಗಿಯಿತು. ವಿಭಾ ಬಡಿಸುವ ನೆಪದಲ್ಲಿ ನಿಂತೇ ಇದ್ದಳು. ಹಪ್ಪಳದ ತಟ್ಟೆ ಹಿಡಿದು, ಎರಡು ಮುಖಗಳನ್ನೂ ಸ್ಟವ್ ಮೇಲಿಟ್ಟ ಎರಡು ಪಾತ್ರೆಗಳಂತೆ ನೋಡುತ್ತಿದ್ದಳು. ಯಾವುದು ಮೊದಲು ಉಕ್ಕುತ್ತದೋ ಎಂದು. ಚೈತ್ರ ಮೊಸರು ತಂದಿಟ್ಟಳು. ತನಿಷಾ ತನ್ನ ತಟ್ಟೆಯ ಅಂಚಿಗೆ ಒಂದು ತುತ್ತು ಮೊಸರನ್ನ ಸರಿಸಿ ಇಟ್ಟಳು.

"ನೋಡಿದ್ರಾ ಇಂದುಮತಿಯವರೇ," ಎಂದರು ಅನುಸೂಯಮ್ಮ, ಹೆಮ್ಮೆಯಿಂದ. "ನಿಮ್ಮ ಮನೆ ಪದ್ಧತಿ ಬಿಟ್ಟಿಲ್ಲ ಮಗು. ತೊರಂಬೆಗೆ ತೆಗೆದಿಡ್ತಾಳೆ."

"ಯಾರಿಗೆ?" ಎಂದರು ಚಿಕ್ಕಮ್ಮ.

ವಿಭಾ ಹಪ್ಪಳದ ತಟ್ಟೆ ಕೆಳಗಿಟ್ಟಳು. ಮತ್ತೆ ಆ ಹಳೇ ಬೀದಿ ಬಾಗಿಲು ತೆರೆದುಕೊಂಡಿತ್ತು. ಮೂರು ಗೆಳತಿಯರು ಹೊರಗೆ ನಿಂತಿದ್ದರು. ಈಗ ಬರುತ್ತದೆ ಆ ನಗು.

"ತೊರಂಬೆಗೆ. ಸೂರ್ಯನ್ನ ಕಾಯೋ ತಾಯಿ. ನಿಮ್ಮ ತಾಯಿ ಮನೆ ದೇವ್ರಂತಲ್ಲ, ನಿಮ್ಮಕ್ಕ ಮಾಡ್ತಿದ್ರಂತೆ. ವಿಭಾಗೆ ಅಷ್ಟಷ್ಟು ನೆನಪು, ಚಿಕ್ಕವಳಿದ್ಲಲ್ಲ. ನೀವು ಹಿರಿಯರು, ನಿಮಗೆ ಪೂರ್ತಿ ಗೊತ್ತಿರುತ್ತೆ. ನಾನು ಬಂದಿದ್ದೇ ನಿಮ್ಮನ್ನ ಕೇಳೋಣ ಅಂತ ಅಂದ್ಕೊಳ್ಳಿ. ಕ್ರಮ ತಪ್ಪಬಾರದು ನೋಡಿ."

ಚಿಕ್ಕಮ್ಮ ಬಾಯಿಗೆ ಒಯ್ಯುತ್ತಿದ್ದ ಕೈಯನ್ನು ತಟ್ಟೆಗೆ ಇಳಿಸಿದರು. ಅವರ ಕಣ್ಣು ಒಮ್ಮೆ ವಿಭಾಳ ಮೇಲೆ ಹಾದು, ಅನುಸೂಯಮ್ಮನ ಮುಖದ ಮೇಲೆ ನಿಂತಿತು. ಆ ಮುಖ ಕಾಯುತ್ತಿತ್ತು. ಇಡೀ ಮೇಜೇ ಕಾಯುತ್ತಿತ್ತು; ಕಿಶೋರನ ಕೈ ಉಪ್ಪಿನಕಾಯಿ ಬಾಟಲಿಯ ಮೇಲೆ ನಿಂತಿತ್ತು, ಚೈತ್ರ ಸೌಟು ಹಿಡಿದು ನಿಂತಿದ್ದಳು. ಇಂದುಮತಿ ಚಿಕ್ಕಮ್ಮನ ಬೆನ್ನು ನಿಧಾನವಾಗಿ ನೆಟ್ಟಗಾಗುವುದನ್ನು ವಿಭಾ ನೋಡಿದಳು.

"ಓ, ತೊರಂಬೆ!" ಎಂದರು ಚಿಕ್ಕಮ್ಮ. "ಗೊತ್ತಿಲ್ದೆ ಏನು? ನಮ್ಮಜ್ಜಿ ಭಾಳ ನೇಮದಿಂದ ಮಾಡೋರು. ಆದ್ರೆ ಮೊಸರನ್ನ ಅಲ್ಲ ಅನುಸೂಯಮ್ಮನೋರೇ. ತಂಬಿಟ್ಟು. ಅವಳಿಗೆ ಮೊಸರು ಆಗಲ್ಲ."

ವಿಭಾಳಿಗೆ ಮೊದಲು ಅರ್ಥವಾಗಲಿಲ್ಲ. ಒಂದು ಗಳಿಗೆ, ನಿಜವಾಗಿಯೂ ಅಂಥ ದೇವತೆ ಇದ್ದಳೇನೋ, ಯಾವುದೋ ಮಧ್ಯಾಹ್ನ ಅಜ್ಜಿಯ ಮಡಿಲಲ್ಲಿ ಕೇಳಿದ ಹೆಸರೇ ತನ್ನ ಬಾಯಿಗೆ ಬಂದಿತ್ತೇನೋ ಎಂದು ಮೈ ಜುಮ್ಮೆಂದಿತು. ಆಮೇಲೆ ಚಿಕ್ಕಮ್ಮನ ಎಡಗೈ ಕಣ್ಣಿಗೆ ಬಿತ್ತು. ಅದು ಮೇಜಿನ ಅಂಚಿನಲ್ಲಿ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಸುತ್ತುತ್ತಿತ್ತು. ಮಗನ ಮನೆಯಲ್ಲಿ ಈ ಹೆಂಗಸನ್ನು ಯಾರಾದರೂ ಏನನ್ನಾದರೂ ಕೇಳಿ ಎಷ್ಟು ಕಾಲವಾಯಿತೋ. ಮೈಕ್ರೋವೇವಿನ ಯಾವ ಗುಂಡಿ ಒತ್ತಬೇಕು, ಯಾವ ಬಾಗಿಲು ತೆಗೆಯಬಾರದು ಎಂದು ಮೊಮ್ಮಕ್ಕಳಿಂದ ಹೇಳಿಸಿಕೊಳ್ಳುವ ಹೆಂಗಸು. ಇವತ್ತು ಒಬ್ಬರು, ಮುನ್ನೂರು ಮೈಲು ದಾಟಿ ಬಂದ ಒಬ್ಬ ಹಿರಿಯರು, ಕೈಜೋಡಿಸಿದಂತೆ ಕೇಳುತ್ತಿದ್ದಾರೆ: ನಿಮಗೆ ಗೊತ್ತಿರುತ್ತೆ. ಗೊತ್ತಿಲ್ಲ ಎನ್ನುವುದು ಹೇಗೆ? ಚಿಕ್ಕಮ್ಮನ ನವಿಲು ಇದು ಎಂದುಕೊಂಡಳು ವಿಭಾ. ತನಗಿಂತ ದಿಟ್ಟವಾಗಿ ಹೇಳಿದ್ದರು, ಅದೂ ತಮ್ಮ ಅಜ್ಜಿಯನ್ನೇ ಸಾಕ್ಷಿಗೆ ಕರೆದು.

"ನೋ," ಎಂದಳು ತನಿಷಾ. "ಇಟ್ಸ್ ಮೊಸರನ್ನ. ಅವಳಿಗೆ ಹೊಟ್ಟೆ ಹಾಟ್ ಇರುತ್ತೆ. ಅಮ್ಮ, ಟೆಲ್ ದೆಮ್."

"ತಂಬಿಟ್ಟು ಕಣಮ್ಮ," ಎಂದರು ಚಿಕ್ಕಮ್ಮ, ಈಗ ಬಿಸಿ ಹತ್ತಿದ ದನಿಯಲ್ಲಿ. "ಬೆಲ್ಲದ ಪಾಕಕ್ಕೆ ಹುರಿದ ಅಕ್ಕಿಹಿಟ್ಟು ಹಾಕಿ, ಮೂರು ಉಂಡೆ ಕಟ್ಟಿ, ಮೂಡಣಕ್ಕೆ ಮುಖ ಮಾಡಿ ಇಡಬೇಕು. ವಿಭಾ, ನೀನು ಮರೆತಿದೀಯಾ. ನಿಮ್ಮಮ್ಮಂಗೆ ಹೇಳಿಹೇಳಿ ಸಾಕಾಗಿತ್ತು, ಇವಳಿಗೆ ಇದೆಲ್ಲ ಕಲಿಸೇ ಅಂತ. ಓದು ಓದು ಅಂತ ಬೆಳೆಸಿಬಿಟ್ಲು."

"ಅತ್ತಿಗೆ, ಸಿಕ್ಕಾಕ್ಕೊಂಡ್ರಿ!" ಎಂದು ಚೈತ್ರ ನಕ್ಕಳು.

ಎಲ್ಲರೂ ವಿಭಾಳ ಕಡೆ ತಿರುಗಿದರು. ತಾನು ಹೆತ್ತ ದೇವರ ಬಗ್ಗೆ ತನಗೇ ಗೊತ್ತಿಲ್ಲ ಎಂಬ ಆರೋಪ ಅವಳ ಮೇಲೆ ಬಂದಿತ್ತು, ಅದಕ್ಕೆ ಉತ್ತರ ಕೊಡಬೇಕಿತ್ತು. ನಾನೇ ಮರೆತಿದ್ದೆ ಚಿಕ್ಕಮ್ಮ, ನೀವು ಹೇಳಿದ್ದೇ ಸರಿ: ಮಾತು ಸಿದ್ಧವಾಗಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಎದುರಿಗೆ ತನಿಷಾ ಅವಳನ್ನೇ ನೋಡುತ್ತಿದ್ದಳು, ಆ ಒಂದು ತುತ್ತಿನ ಸುತ್ತ ಬೆರಳುಗಳನ್ನು ಬೇಲಿಯಂತೆ ಹಿಡಿದು. ಇವಳ ಮುಂದೆ ಅದನ್ನು ಬಿಟ್ಟುಕೊಟ್ಟರೆ ಆ ಚಳಿಗಾಲದ ಮಧ್ಯಾಹ್ನಗಳನ್ನೆಲ್ಲ ಬಿಟ್ಟುಕೊಟ್ಟ ಹಾಗೆ. ಬಿಟ್ಟುಕೊಡದಿದ್ದರೆ ಚಿಕ್ಕಮ್ಮ ಮತ್ತೆ ಆ ದೊಡ್ಡ ಜಾಕೆಟ್ಟಿನೊಳಕ್ಕೆ ಕುಗ್ಗಿಹೋಗುತ್ತಾರೆ. ವಿಭಾ ಹಪ್ಪಳದ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡಳು. ಇಷ್ಟು ಪ್ರೀತಿಯ ಮನುಷ್ಯರ ನಡುವೆ ಇಷ್ಟೊಂದು ಹೆದರಿಕೆಯಾಗುವುದು ನಾಚಿಕೆಗೇಡು ಎಂದುಕೊಂಡಳು. ಹಾಗೆಂದುಕೊಂಡದ್ದರಿಂದ ಹೆದರಿಕೆಯೇನೂ ಹೋಗಲಿಲ್ಲ.

"ಅಲ್ಲ ಇಂದುಮತಿಯವರೇ," ಎಂದರು ಅನುಸೂಯಮ್ಮ. ಅವಸರವಿಲ್ಲದೆ, ಅನ್ನಕ್ಕೆ ಇನ್ನಷ್ಟು ಮೊಸರು ಕಲಸಿಕೊಳ್ಳುತ್ತ. "ನಿಮ್ಮ ಮನೇಲಿ ತಂಬಿಟ್ಟೇ ಇರಬಹುದು. ನೀವು ಹೇಳಿದ ಮೇಲೆ ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮನೇಲಿ ಮೊಸರನ್ನ."

"ಅಮ್ಮಾ," ಚೈತ್ರ ಸೌಟು ಕೆಳಗಿಟ್ಟಳು. "ನಮ್ಮನೇಲಿ ಯಾವಾಗಿಂದಮ್ಮ ಈ ದೇವ್ರು? ನಾನು ಆ ಮನೇಲೇ ಹುಟ್ಟಿದ್ದು."

"ಈ ಜನವರಿಯಿಂದ. ನೀನು ಮೊದಲು ಉಪ್ಪಿನಕಾಯಿ ಆ ಕಡೆ ತಳ್ಳು."

ಕಿಶೋರ್ ಜೋರಾಗಿ ಕೆಮ್ಮಿದ. ಚಿಕ್ಕಮ್ಮ ಒಂದು ಕ್ಷಣ ಯೋಚಿಸಿ, ಗಂಭೀರವಾಗಿ, "ಹೂಂ, ಒಂದೊಂದು ಮನೇಲಿ ಒಂದೊಂದು ಕ್ರಮ. ನೀರು ಬೇರೆ, ಗಾಳಿ ಬೇರೆ," ಎಂದರು. ಆಮೇಲೆ ಊಟ ಮುಗಿಯುವ ತನಕ ಅವರದೇ ಮಾತು. ತೊರಂಬೆಗೆ ಕೆಂಪು ಬಳೆ ಆಗದು, ಹಸಿರೇ ಆಗಬೇಕು. ಅವಳ ಹೆಸರು ಹೇಳುವಾಗ ಬಾಗಿಲಿಗೆ ಬೆನ್ನು ಮಾಡಬಾರದು. ಒಂದು ಸಲ ಅಜ್ಜಿ ಮರೆತು ಬೆನ್ನು ಮಾಡಿದ್ದಕ್ಕೆ ಮೂರು ದಿನ ಮೋಡ. ಅನುಸೂಯಮ್ಮ ಒಂದೊಂದಕ್ಕೂ ಹೌದಾ ಹೌದಾ ಎನ್ನುತ್ತಿದ್ದರು. ತನಿಷಾ ಮೊದಲು ಮುಖ ಊದಿಸಿಕೊಂಡಿದ್ದವಳು, ಮೂರು ದಿನದ ಮೋಡಕ್ಕೆ ಬಂದಾಗ ಕುರ್ಚಿಯನ್ನೇ ಎಳೆದುಕೊಂಡು ಹೋಗಿ ಚಿಕ್ಕಮ್ಮನಿಗೆ ಅಂಟಿ ಕೂತಳು. "ಥ್ರೀ ಡೇಸ್? ಹಿಯರ್ ಇಟ್ಸ್ ಲೈಕ್, ಥರ್ಟಿ. ಹೂ ಟರ್ನ್ಡ್ ದೇರ್ ಬ್ಯಾಕ್?" ವಿಭಾ ಆಗ ಕೂತಳು. ಬಡಿಸಿಕೊಂಡಳು. ಅನ್ನ ತಣ್ಣಗಾಗಿತ್ತು, ಅದು ಹಿತವೆನ್ನಿಸಿತು.

ಊಟವಾದ ಮೇಲೆ ಅತ್ತೆಗೆ ಮಂಡಿ ನೋವು. ಕಾರಿನಲ್ಲಿ ಅಷ್ಟು ಹೊತ್ತು ಕಾಲು ಮಡಿಸಿ ಕೂತಿದ್ದರ ಫಲ. ಚೈತ್ರ ಗೆಸ್ಟ್ ರೂಮಿನಲ್ಲಿ ಹಾಸಿಗೆ ಸರಿಮಾಡಿದಳು; ವಿಭಾ ಮುಲಾಮು ಹಿಡಿದು ಕಾಲ ಬಳಿ ಕೂತಳು. ಊಟದ ಮೇಜಿನ ಕಡೆಯಿಂದ ಚಿಕ್ಕಮ್ಮನ ದನಿ ಇನ್ನೂ ಕೇಳುತ್ತಿತ್ತು, ಈಗ ಕಿಶೋರನಿಗೆ ಪಾಠ. ತನಿಷಾ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ ಕಾಲಾಡಿಸುತ್ತಿದ್ದಳು. ಕಿಟಕಿಯಲ್ಲಿ ಬಡಾವಣೆಯ ಒಂದೇ ಥರದ ಸೂರುಗಳು, ಅವುಗಳ ಮೇಲೆ ಅದೇ ಬೂದು. ವಿಭಾ ಮೆಲ್ಲಗೆ ಮಂಡಿ ತಿಕ್ಕುತ್ತ, ಈಗ ಹೇಳಿಬಿಡಬೇಕು ಎಂದುಕೊಂಡಳು. ಈ ಹೆಂಗಸು ಇವತ್ತು ಅಷ್ಟು ಜನರೆದುರು ತನ್ನನ್ನು ಬಿಟ್ಟುಕೊಡಲಿಲ್ಲ. ಇಂಥವರಿಗೆ ಸುಳ್ಳನ್ನು ತಿನ್ನಿಸುತ್ತಿದ್ದೇನೆ. ಅತ್ತೆ, ಒಂದು ವಿಷಯ. ಹಾಗೆ ಶುರುಮಾಡಬೇಕು. ಅಥವಾ, ಅತ್ತೆ, ನೀವು ತಪ್ಪು ತಿಳ್ಕೋಬಾರದು. ಹಾಗಲ್ಲ, ಹಾಗೆಂದರೆ ತಪ್ಪೇ ಎಂದು ಮೊದಲೇ ಒಪ್ಪಿಕೊಂಡ ಹಾಗೆ.

"ವಿಭಾ," ಎಂದರು ಅನುಸೂಯಮ್ಮ, ಕಣ್ಣು ಮುಚ್ಚಿಕೊಂಡೇ. "ಒಂದು ಕೇಳ್ತೀನಿ. ಸರಿಯಾಗಿ ಹೇಳು."

ಅವಳ ಕೈ ನಿಂತಿತು. "ಕೇಳಿ ಅತ್ತೆ."

"ಅವಳಿಗೆ ಮಕ್ಕಳಿದಾರಾ?"

"ಯಾರಿಗೆ?"

"ತೊರಂಬೆಗೆ ಕಣೇ."

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ರೆಪ್ಪೆಯಿಲ್ಲದ ಕಣ್ಣು, ಬೆಂದ ಬಲಗಡೆ, ಒಲೆ, ಬೂದಿ; ಅಲ್ಲಿಗೆ ನಿಂತುಹೋಗಿತ್ತು. ಹೇಳಲು ಹೊಂದಿಸಿಕೊಂಡಿದ್ದ ಮಾತೆಲ್ಲ 'ಅತ್ತೆ' ಎಂಬಲ್ಲೇ ಚದುರಿತು.

"ಗೊತ್ತಿಲ್ಲ ಅತ್ತೆ," ಎಂದಳು. ಅದು ನಿಜವಾಗಿತ್ತು.

"ಗೊತ್ತಿಲ್ಲ ಅಂದ್ರೆ?" ಅನುಸೂಯಮ್ಮ ಒಂದು ಕಣ್ಣು ತೆರೆದು ಸೊಸೆಯನ್ನು ನೋಡಿದರು. ಆ ಕಣ್ಣಿನಲ್ಲಿ ಏನಿತ್ತೆಂದು ವಿಭಾ ಆಮೇಲೆ ಎಷ್ಟೋ ಸಲ ನೆನೆದು ನೋಡಿದ್ದಾಳೆ, ತೀರ್ಮಾನಕ್ಕೆ ಬಂದಿಲ್ಲ. "ನೀನಲ್ದೆ ಇನ್ಯಾರು ಹೇಳ್ಬೇಕು? ನಿಮ್ಮ ಚಿಕ್ಕಮ್ಮನ್ನ ಕೇಳಿದ್ರೆ ಹತ್ತು ಮಕ್ಕಳು ಮಾಡ್ತಾರೆ. ಹಗಲೂ ರಾತ್ರಿ ಒಬ್ಬಳೇ ಕೂತಿರ್ತಾಳೆ ಅಂತ ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ. ಒಂದಾದ್ರೂ ಇರ್ಲಿ."

ಕಾರ್ಪೆಟ್ಟಿನ ಮೇಲೆ ಆಡುತ್ತಿದ್ದ ಕಾಲುಗಳು ನಿಂತವು. ವಿಭಾ ಈ ಸಲ ಬೀದಿಯ ಎರಡೂ ಕಡೆ ನೋಡಲಿಲ್ಲ.

"ಒಬ್ಬಳು ಮಗಳಿದ್ದಾಳೆ," ಎಂದಳು.

"ಹಂಗನ್ನು ಮತ್ತೆ. ಏನು ಹೆಸರು?"

"ಡೋಂಟ್ ಟೆಲ್, ಅಮ್ಮ!" ತನಿಷಾ ಎದ್ದು ಬಂದು ಅಜ್ಜಿಯ ಹಾಸಿಗೆಯ ಮೇಲೆ ಬಿದ್ದಳು. "ಅಜ್ಜಿ ಶುಡ್ ಪಿಕ್. ಅಜ್ಜಿ, ಹೆಸರು ನೀನ್ ಇಡು."

"ನಾನಾ?" ಎಂದರು ಅನುಸೂಯಮ್ಮ. ಮೊಮ್ಮಗಳಿಗೆ ಜಾಗ ಬಿಟ್ಟು ಗೋಡೆಯ ಕಡೆ ಸರಿದರು, ತೊಟ್ಟಿಲ ಮುಂದೆ ಕರೆಸಿಕೊಂಡವರಂತೆ ಸೆರಗು ಸರಿಮಾಡಿಕೊಂಡರು. "ತಾಳು. ಸುಮ್ನೆ ಬಾಯಿಗೆ ಬಂದಿದ್ದು ಇಟ್ಟುಬಿಡೋಕಾಗುತ್ತಾ? ನೀನು ತಿಕ್ಕು ವಿಭಾ, ನಿಲ್ಲಿಸಬೇಡ," ಎಂದು ಕಣ್ಣು ಮುಚ್ಚಿ, ಹೆಸರು ಹುಡುಕತೊಡಗಿದರು.